ತೆರೆಯ ಮೇಲೆ ಕಂಡ ನೆರೆಯವರು

ಬೆಂಗಳೂರಿನಲ್ಲಿ ದಾಸರಹಳ್ಳಿ ಎಂಬ ಹೆಸರಿನ ಊರು ಒಂದಲ್ಲ. ಹೆಬ್ಬಾಳದ ಕಡೆ ಒಂದು, ತುಮಕೂರು ರಸ್ತೆಯಲ್ಲಿ ಮತ್ತೊಂದು. ನಾನಿರುವುದು ಈ ಎರಡನೆಯದರಲ್ಲಿ. ಕಾಗದ ತಪ್ಪಿಹೋಗದಿರಲೆಂದು ಇದರ ಹೆಸರಿನ ಹಿಂದೆ ‘ಟಿ.’ ಎಂಬ ಒಂದಕ್ಷರವನ್ನು ಸೇರಿಸಿ ಟಿ. ದಾಸರಹಳ್ಳಿ ಎನ್ನುತ್ತೇವೆ. ಹಿಂದೆ ಇದು ಹಳ್ಳಿಯೇ. ಈಗ ಒಂದು ಮಗ್ಗುಲಿಗೆ ಪೀಣ್ಯದ ಕಾರ್ಖಾನೆಗಳು, ತಲೆಯ ಮೇಲೆ ಮೆಟ್ರೋ ರೈಲು, ಕಾಲ ಕೆಳಗೆ ಹಗಲಿರುಳೂ ಲಾರಿಗಳ ಓಡಾಟ. ನಮ್ಮ ಒಂದೇ ಬೀದಿಯಲ್ಲಿ ಹಾವೇರಿಯವರಿದ್ದಾರೆ, ಸಾಗರದವರಿದ್ದಾರೆ, ಧರ್ಮಪುರಿಯವರಿದ್ದಾರೆ, ಒಡಿಶಾದಿಂದ ಬಂದ ಹುಡುಗರಿದ್ದಾರೆ. ಪಕ್ಕದ ಮನೆಯವರ ಹೆಸರು ತಿಳಿಯದಿದ್ದರೂ ಅವರಿಗೆ ಯಾವ ವಾರ ರಾತ್ರಿ ಪಾಳಿ ಎಂಬುದು ಎಲ್ಲರಿಗೂ ಗೊತ್ತು.

ಈ ಬೀದಿಯ ಏಳೆಂಟು ಮನೆಯವರು ಸೇರಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಭಾನುವಾರ ಸಂಜೆ ಒಬ್ಬರ ಮನೆಯ ಮಹಡಿಯ ಮೇಲೆ ಬಿಳಿಯ ಪಂಚೆಯನ್ನು ಬಿಗಿದು ಕಟ್ಟಿ, ಅದರ ಮೇಲೆ ಸಿನಿಮಾ ಬಿಟ್ಟುಕೊಂಡು ನೋಡುತ್ತೇವೆ. ಟೆಂಟಿನಲ್ಲಿ ಮರಳ ಮೇಲೆ ಕುಳಿತು ಸಿನಿಮಾ ನೋಡಿದವರಿಗೆ ಚಾಪೆಯೇ ಒಂದು ವೈಭವ. ಒಂದು ವಿಷಯವನ್ನು ಹಿಡಿದರೆ ಐದು ಭಾನುವಾರ ಅದೇ ವಿಷಯ. ಆರಿಸುವವರು ಸರದಿಯ ಮೇಲೆ. ಈ ಸಲ ಸರದಿ ನನ್ನದಾಯಿತು. ನಾನು, ಯೆಹೂದ್ಯರ ಬಾಳನ್ನು ಕುರಿತ ಚಿತ್ರಗಳನ್ನು ನೋಡೋಣ ಎಂದೆ.

ಇದು ನನ್ನ ಸ್ವಂತ ಕಲ್ಪನೆಯೇನೂ ಅಲ್ಲ. ಯೆಹೂದ್ಯರ ಜೀವನ ಸಂಸ್ಕೃತಿಗಳನ್ನೇ ವಿಷಯವಾಗಿ ಇಟ್ಟುಕೊಂಡ ಚಲಚ್ಚಿತ್ರದ ಹಬ್ಬಗಳು ಲೋಕದ ಅನೇಕ ಪಟ್ಟಣಗಳಲ್ಲಿ ನಡೆಯುತ್ತವೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ೧೯೮೦ರಲ್ಲಿ ಹುಟ್ಟಿಕೊಂಡ ಹಬ್ಬವನ್ನು ಇವುಗಳಲ್ಲೆಲ್ಲ ಹಿರಿಯದೆಂದು ಎಣಿಸುತ್ತಾರೆ. ಅಲ್ಲಿ ಆ ಜನ ನೆಲಸಿದ್ದಾರೆ, ಹಬ್ಬ ಮಾಡುತ್ತಾರೆ. ಅವರಿಲ್ಲದ ಬೀದಿಯಲ್ಲಿ ಮಾಡಿದರೆ ಏನಾದೀತು ಎಂಬ ಕುತೂಹಲ ನನ್ನದು.

ನನ್ನ ಮಾತು ಮುಗಿಯುವುದರೊಳಗೆ ಪಕ್ಕದ ಮನೆಯ ಹಿರಿಯರು ಆಕ್ಷೇಪ ಎತ್ತಿದರು. “ಏನು ಮೇಷ್ಟ್ರೇ, ನಮ್ಮವರ ಚಿತ್ರಗಳೇ ನೋಡದೆ ಬಿದ್ದಿವೆ. ಈ ಬೀದಿಗೂ ಯೆಹೂದ್ಯರಿಗೂ ಏನು ನಂಟು? ಅದೂ ಅಲ್ಲದೆ ಪತ್ರಿಕೆ ಬಿಡಿಸಿದರೆ ಆ ಕಡೆಯ ಯುದ್ಧದ ಸುದ್ದಿ. ನಾವು ಯಾರ ಕಡೆ ಎಂದು ನಾಳೆ ಯಾರಾದರೂ ಕೇಳಿದರೆ?” ಎಂದರು.

ಪ್ರಶ್ನೆ ನ್ಯಾಯವಾದದ್ದೇ. ಎರಡನೆಯ ಮಾತಿಗೆ ಮೊದಲು ಉತ್ತರ ಕೊಟ್ಟೆ. ಒಂದು ಜನಾಂಗದ ಮನೆಬಾಳನ್ನು ನೋಡುವುದೆಂದರೆ ಯಾವುದೋ ಒಂದು ಸರಕಾರಕ್ಕೆ ಪ್ರಮಾಣಪತ್ರ ಬರೆದುಕೊಟ್ಟಂತೆ ಅಲ್ಲ. ಮನೆ ಕಳೆದುಕೊಂಡವರ ದುಃಖ, ಮಕ್ಕಳನ್ನು ಕಳೆದುಕೊಂಡವರ ದುಃಖ, ಅದು ಯಾವ ಕಡೆಯದಾದರೂ ದುಃಖವೇ. ಪ್ಯಾಲೆಸ್ತೀನಿನವರ ಚಿತ್ರಗಳನ್ನು ಮುಂದಿನ ಸರದಿಯವರು ತರಲಿ, ಮೊದಲ ಸಾಲಿನಲ್ಲಿ ನಾನು ಕೂರುತ್ತೇನೆ ಎಂದೆ. ಅವರು ತಲೆಯಾಡಿಸಿದರು.

ಮೊದಲನೆಯ ಮಾತಿಗೆ, ಅಂದರೆ ನಂಟಿನ ಮಾತಿಗೆ, ನಾನು ಉತ್ತರ ಕೊಡಲಿಲ್ಲ. “ಸ್ವಾಮಿ, ತಾವು ಬೆಳಗ್ಗೆ ರೇಡಿಯೋ ಹಾಕಿದಾಗ ಎಲ್ಲಕ್ಕಿಂತ ಮೊದಲು ಏನು ಕೇಳಿಸುತ್ತದೆ?” ಎಂದು ಕೇಳಿದೆ. ಅವರು ಬಾಯಲ್ಲೇ ಗುನುಗಿ ತೋರಿಸಿದರು. ಈ ದೇಶದಲ್ಲಿ ಆ ರಾಗವನ್ನು ಗುನುಗಲು ಬಾರದವರು ಯಾರು? ತಂಬೂರಿಯ ಶ್ರುತಿಯ ಮೇಲೆ ಪಿಟೀಲು ಒಂದು ಏರಿ ಇಳಿಯುತ್ತದೆ. ಶಿವರಂಜಿನಿಯ ನೆರಳು ಅದರಲ್ಲಿ ಉಂಟು. ಹಾಲಿನವನ ಸೈಕಲ್ಲು, ಹಂಡೆಯ ಒಲೆಯ ಹೊಗೆ, ಪರೀಕ್ಷೆಗೆ ಎದ್ದ ಮಕ್ಕಳ ತೂಕಡಿಕೆ, ಇವೆಲ್ಲಕ್ಕೂ ಆ ರಾಗವೇ ಹಿನ್ನೆಲೆಯಾಗಿ ನಾವು ಬೆಳೆದದ್ದು. ಅದನ್ನು ಕಟ್ಟಿದವರು ವಾಲ್ಟರ್ ಕಾಫ್ಮನ್ ಎಂಬ ಯೆಹೂದ್ಯರು.

ಕಾಫ್ಮನ್ ಹುಟ್ಟಿದ್ದು ೧೯೦೭ರಲ್ಲಿ, ಇಂದಿನ ಚೆಕ್ ದೇಶದ ಕಾರ್ಲ್ಸ್‌ಬಾದ್ ಎಂಬ ಊರಿನಲ್ಲಿ. ಸಂಗೀತ ಕಲಿತದ್ದು ಬರ್ಲಿನ್ನಿನಲ್ಲಿ, ಪ್ರಾಗ್‌ನಲ್ಲಿ. ಜರ್ಮನಿಯಲ್ಲಿ ಹಿಟ್ಲರನ ಆಳ್ವಿಕೆ ಬಂದ ಮರುವರ್ಷ, ೧೯೩೪ರಲ್ಲಿ, ಅವರು ಮುಂಬಯಿಗೆ ಬಂದಿಳಿದರು. ೧೯೩೭ರಿಂದ ೧೯೪೬ರವರೆಗೆ ಆಕಾಶವಾಣಿಯ ಮುಂಬಯಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗವನ್ನು ನೋಡಿಕೊಂಡರು. ಮುಂದೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದು ೧೯೮೪ರಲ್ಲಿ ತೀರಿಕೊಂಡರು.

ಅವರು ತಮ್ಮ ಬಗ್ಗೆ ಹೇಳಿಕೊಂಡಿರುವ ಒಂದು ಸಂಗತಿ ಉಂಟು. ನಮ್ಮ ಸಂಗೀತದ ತಟ್ಟೆಗಳನ್ನು ಮೊದಲ ಸಲ ಕೇಳಿದಾಗ ಅವರಿಗೆ ಅದು ಏನೇನೂ ಅರ್ಥವಾಗಲಿಲ್ಲವಂತೆ, ವಿಚಿತ್ರವಾಗಿ ಕಂಡಿತಂತೆ. ಆದರೆ ಅವರು ತಟ್ಟೆಯನ್ನು ಬದಿಗೆ ಸರಿಸಿ ಎದ್ದುಹೋಗಲಿಲ್ಲ. ಹೃದಯವೂ ಬುದ್ಧಿಯೂ ಉಳ್ಳ ಮನುಷ್ಯರು ಮಾಡಿದ ಸಂಗೀತ ಇದು, ಕೋಟ್ಯಂತರ ಜನ ಇದನ್ನು ಪ್ರೀತಿಸುತ್ತಾರೆ, ಹಾಗಿರುವಾಗ ನನಗೆ ಹಿಡಿಸದಿದ್ದರೆ ದೋಷ ನನ್ನದೇ ಇರಬೇಕು, ಅದು ಹುಟ್ಟಿದ ಜಾಗಕ್ಕೇ ಹೋಗಿ ಕಲಿಯುವುದೇ ಸರಿ ಎಂದು ತೀರ್ಮಾನಿಸಿದರಂತೆ.

“ಆಯಿತು, ನೋಡೋಣ” ಎಂದರು ಹಿರಿಯರು. ನಮ್ಮ ಹಬ್ಬ ಹೀಗೆ ಆರಂಭವಾಯಿತು.

ಮೊದಲ ಭಾನುವಾರ ನಾನು ಯೆಹೂದ್ಯರ ಕಥೆಯನ್ನೇ ಹಾಕಲಿಲ್ಲ. ೧೯೫೪ರ ‘ಬೂಟ್ ಪಾಲಿಶ್’ ಹಾಕಿದೆ. ಇಬ್ಬರು ಅನಾಥ ಮಕ್ಕಳು, ಅವರನ್ನು ಭಿಕ್ಷೆಗೆ ಅಟ್ಟುವ ಚಿಕ್ಕಮ್ಮ, ಕೈಚಾಚಬೇಡಿ, ದುಡಿದು ತಿನ್ನಿ ಎಂದು ಮಕ್ಕಳಿಗೆ ಹೇಳಿಕೊಡುವ ಕೇರಿಯ ಜಾನ್ ಚಾಚಾ. ಆ ಚಾಚಾನದು ಬೋಳುತಲೆ, ತುಂಬುನಗೆ. ಸೆರೆಮನೆಯಲ್ಲಿ ಬೋಳುತಲೆಯವರನ್ನೆಲ್ಲ ಕೂಡಿಸಿಕೊಂಡು ಅವನು ಮೋಡವನ್ನು ಕರೆಯುವ ಹಾಡಿಗೆ ನಮ್ಮ ಹುಡುಗರು ಬಿದ್ದು ಬಿದ್ದು ನಕ್ಕರು. ಚಿತ್ರ ಮುಗಿದ ಮೇಲೆ, “ಇದರಲ್ಲಿ ಯೆಹೂದ್ಯರು ಎಲ್ಲಿ ಬಂದರು?” ಎಂದು ಕೇಳಿದರು. ಆ ಚಾಚಾನೇ ಯೆಹೂದ್ಯ ಎಂದೆ. ಅವರ ಹೆಸರು ಡೇವಿಡ್, ಪೂರ್ತಿ ಹೆಸರು ಡೇವಿಡ್ ಅಬ್ರಹಾಂ ಚೇವುಲ್ಕರ್.

ಈ ಚೇವುಲ್ಕರ್ ಎಂಬ ಅಡ್ಡಹೆಸರನ್ನು ಸ್ವಲ್ಪ ಗಮನಿಸಬೇಕು. ಕೊಂಕಣದ ಚೌಲ್ ಎಂಬ ಊರಿನವರು ಚೇವುಲ್ಕರ್, ಪೇಣ್ ಊರಿನವರು ಪೇಣ್ಕರ್. ಇವರು ಬೆನೆ ಇಸ್ರೇಲ್ ಎಂಬ ಪಂಗಡದವರು. ತಲೆತಲಾಂತರದಿಂದ ಕೊಂಕಣದ ಕರಾವಳಿಯಲ್ಲಿ ನೆಲಸಿ, ಮರಾಠಿಯನ್ನೇ ಮನೆಮಾತು ಮಾಡಿಕೊಂಡವರು. ಗಾಣ ಆಡಿಸಿ ಎಣ್ಣೆ ತೆಗೆಯುವುದು ಇವರ ಕಸುಬು. ಯೆಹೂದ್ಯರಿಗೆ ಶನಿವಾರ ಬಿಡುವಿನ ದಿನ, ಆ ದಿನ ಗಾಣ ಆಡುವುದಿಲ್ಲ. ಅದಕ್ಕಾಗಿ ಊರಿನವರು ಇವರನ್ನು ‘ಶನಿವಾರ ತೇಲಿ’ ಎಂದು ಕರೆದರು. ಶನಿವಾರದ ಗಾಣಿಗರು ಎನ್ನೋಣ. ಇವರು ಯಾವ ದೇಶದಿಂದ ಬಂದರು, ಯಾವ ಗ್ರಂಥ ಓದುತ್ತಾರೆ ಎಂದು ನೆರೆಯವರು ವಿಚಾರಿಸಲಿಲ್ಲ. ಶನಿವಾರ ಎಣ್ಣೆ ಸಿಕ್ಕುವುದಿಲ್ಲ, ಶುಕ್ರವಾರವೇ ತಂದಿಟ್ಟುಕೊಳ್ಳಬೇಕು ಎಂಬಷ್ಟು ತಿಳುವಳಿಕೆಯಲ್ಲೇ ಬಾಳುವೆ ಸಾಗಿತು. ನೆರೆಹೊರೆಯೆಂದರೆ ಅನೇಕ ವೇಳೆ ಇಷ್ಟೇ.

ಇವರಲ್ಲದೆ ಕೊಚ್ಚಿಯ ಯೆಹೂದ್ಯರು ಬೇರೆ. ಅಲ್ಲಿನ ಮಟ್ಟಾಂಚೇರಿಯ ಪ್ರಾರ್ಥನಾ ಮಂದಿರ ೧೫೬೮ರಷ್ಟು ಹಳೆಯದು. ಬಾಗ್ದಾದ್ ಕಡೆಯಿಂದ ವ್ಯಾಪಾರಕ್ಕೆ ಬಂದು ಮುಂಬಯಿ, ಕಲ್ಕತ್ತೆಗಳಲ್ಲಿ ನೆಲಸಿದವರು ಇನ್ನೊಂದು ಪಂಗಡ. ಸ್ವಾತಂತ್ರ್ಯದ ಹೊತ್ತಿಗೆ ಎಲ್ಲರೂ ಸೇರಿ ಇಪ್ಪತ್ತು ಸಾವಿರಕ್ಕೂ ಮೇಲಿದ್ದರು. ಬಹುಮಂದಿ ಇಸ್ರೇಲಿಗೂ ಬೇರೆ ದೇಶಗಳಿಗೂ ಹೊರಟುಹೋಗಿ, ೨೦೧೧ರ ಜನಗಣತಿಯ ವೇಳೆಗೆ ಐದು ಸಾವಿರದ ಒಳಗೆ ಉಳಿದರು. ನಮ್ಮ ದಾಸರಹಳ್ಳಿಯ ಒಂದೆರಡು ಬಡಾವಣೆಯ ಜನರಷ್ಟೂ ಇಲ್ಲ. ಆದರೆ ನಮ್ಮ ಸಿನಿಮಾದ ಚರಿತ್ರೆಯಿಂದ ಈ ಹಿಡಿಯಷ್ಟು ಜನರನ್ನು ತೆಗೆದುಬಿಟ್ಟರೆ ದೊಡ್ಡ ಕಂಡಿಯೇ ಬಿದ್ದೀತು.

ಕಾರಣ ಹೀಗೆ. ದಾದಾಸಾಹೇಬ್ ಫಾಲ್ಕೆಯವರು ೧೯೧೩ರಲ್ಲಿ ‘ರಾಜಾ ಹರಿಶ್ಚಂದ್ರ’ ತೆಗೆದಾಗ ತಾರಾಮತಿಯ ಪಾತ್ರಕ್ಕೆ ಹೆಂಗಸು ಸಿಕ್ಕಲಿಲ್ಲ. ಸಾಳುಂಕೆ ಎಂಬ ಗಂಡಸೇ ಸೀರೆ ಉಟ್ಟ. ಕಂಪನಿ ನಾಟಕಗಳಲ್ಲಿ ಗಂಡಸರ ಸ್ತ್ರೀಪಾತ್ರಗಳನ್ನು ಕಂಡ ನಮಗೆ ಇದೇನೂ ಸೋಜಿಗವಲ್ಲ. ಮರ್ಯಾದಸ್ಥರ ಮನೆಯ ಹೆಂಗಸು ಕ್ಯಾಮೆರಾದ ಮುಂದೆ ನಿಲ್ಲಬಾರದು ಎಂಬ ಕಾಲದಲ್ಲಿ ಧೈರ್ಯವಾಗಿ ಬಂದು ನಿಂತವರಲ್ಲಿ ಯೆಹೂದ್ಯ ಮನೆತನದ ಹೆಣ್ಣುಮಕ್ಕಳು ಮುಖ್ಯರು. ಪುಣೆಯಲ್ಲಿ ಹುಟ್ಟಿದ ರೂಬಿ ಮೈಯರ್ಸ್ ಟೆಲಿಫೋನ್ ಕಚೇರಿಯಲ್ಲಿ ಕೆಲಸಕ್ಕಿದ್ದ ಹುಡುಗಿ. ತೆರೆಯ ಮೇಲೆ ಆಕೆ ಸುಲೋಚನಾ ಆದಳು. ೧೯೨೭ರ ಒಂದು ಮೂಕಚಿತ್ರದಲ್ಲಿ ಎಂಟು ವೇಷಗಳಲ್ಲಿ ಕಾಣಿಸಿಕೊಂಡಳು. ಮುಂಬಯಿಯ ಗವರ್ನರಿಗಿಂತ ಆಕೆಯ ಸಂಬಳ ಹೆಚ್ಚು ಎಂದು ಜನ ಆಡಿಕೊಳ್ಳುತ್ತಿದ್ದರು. ವಾಕ್ಚಿತ್ರ ಬಂದಾಗ ಹಿಂದೂಸ್ಥಾನಿ ಸರಿಯಾಗಿ ಬಾರದೆ ಹಿಂದೆ ಬಿದ್ದಳು. ಒಂದು ವರ್ಷ ಬಿಡುವು ಮಾಡಿಕೊಂಡು ಭಾಷೆ ಕಲಿತು ಮತ್ತೆ ಬಂದಳು. ೧೯೭೩ರ ಸಾಲಿನ ಫಾಲ್ಕೆ ಪ್ರಶಸ್ತಿ ಆಕೆಗೆ ಸಂದಿತು. ಕಲ್ಕತ್ತೆಯ ಎಸ್ತರ್ ವಿಕ್ಟೋರಿಯಾ ಅಬ್ರಹಾಂ ಪ್ರಮೀಳಾ ಆದಳು; ೧೯೪೭ರ ‘ಮಿಸ್ ಇಂಡಿಯಾ’ ಆಕೆಯೇ. ‘ಶ್ರೀ ೪೨೦’ ಚಿತ್ರದ ಹುಬ್ಬು ಹಾರಿಸುವ ಮಾಯಾಳನ್ನು ಯಾರು ಮರೆತಾರು? ಆ ನಾದಿರಾ ಬಾಗ್ದಾದೀ ಯೆಹೂದ್ಯರ ಮಗಳು, ಮನೆಯ ಹೆಸರು ಫ್ಲಾರೆನ್ಸ್ ಎಜೆಕಿಯಲ್. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ದ ಕಥೆಯನ್ನು ಕೊಟ್ಟವರೂ ಬೆನೆ ಇಸ್ರೇಲಿನ ಜೋಸೆಫ್ ಡೇವಿಡ್ ಪೇಣ್ಕರ್.

ಹೆಸರುಗಳನ್ನು ಹೇಳುತ್ತ ಹೋದಂತೆ ಮಹಡಿಯ ಮೇಲಿದ್ದ ಹಿರಿಯರೆಲ್ಲ, “ಅಯ್ಯೋ, ಅವಳೂನೇ! ಅವರೂನೇ!” ಎನ್ನುತ್ತಿದ್ದರು. ಅರುವತ್ತು ವರ್ಷ ಪರಿಚಯವಿದ್ದವರ ಮನೆ ಎಲ್ಲಿ ಎಂದು ಅಂದು ಗೊತ್ತಾಯಿತು.

ಎರಡನೆಯ ಭಾನುವಾರ ಬಿಮಲ್ ರಾಯ್ ಅವರ ‘ಯಹೂದಿ’, ೧೯೫೮ರ ಚಿತ್ರ. ಕಥೆ ಪುರಾತನ ರೋಮ್ ನಗರದ್ದು. ಎಜ್ರಾ ಎಂಬ ರತ್ನಪಡಿ ವ್ಯಾಪಾರಿ. ಅವನ ಎಳೆಯ ಮಗನ ಕೈ ತಪ್ಪಿ ಒಂದು ಕಲ್ಲು ರೋಮನ್ ಅಧಿಕಾರಿಗೆ ತಗಲುತ್ತದೆ. ಅಷ್ಟಕ್ಕೇ ಮಗುವಿಗೆ ಸಾವು. ಸೇವಕ ಸೇಡಿಗೆಂದು ಅದೇ ಅಧಿಕಾರಿಯ ಹೆಣ್ಣುಮಗುವನ್ನು ಎತ್ತಿಕೊಂಡು ಬರುತ್ತಾನೆ. ಎಜ್ರಾ ಅದನ್ನು ಕೊಲ್ಲುವುದಿಲ್ಲ, ತನ್ನ ಮಗಳೆಂದು ಸಾಕುತ್ತಾನೆ. ಕೊನೆಗೆ ಅಪ್ಪನೇ ತನ್ನ ಮಗಳೆಂದು ತಿಳಿಯದೆ ಅವಳಿಗೆ ಮರಣದಂಡನೆ ಕೊಡುವ ಗಳಿಗೆ ಬರುತ್ತದೆ. ಸೊಹ್ರಾಬ್ ಮೋದಿಯವರ ಕಂಠ ಆ ದೃಶ್ಯದಲ್ಲಿ ಗುಡುಗಿದಾಗ ಪಂಚೆಯೇ ನಡುಗಿದಂತಾಯಿತು.

ಇದರ ಮೂಲ ಆಗಾ ಹಶ್ರ್ ಕಾಶ್ಮೀರಿಯವರ ಉರ್ದು ನಾಟಕ. ಅದರ ಹಿಂದೆ ೧೮೩೫ರ ಒಂದು ಫ್ರೆಂಚ್ ಸಂಗೀತನಾಟಕದ ನೆರಳುಂಟು. ಬರೆದವರು ಮುಸ್ಲಿಮರು, ನಿರ್ದೇಶಿಸಿದವರು ಬಂಗಾಳಿ, ಯೆಹೂದ್ಯ ಮುದುಕನಾದವರು ಪಾರಸಿ, ಮಗಳಾದವರು ಮೀನಾ ಕುಮಾರಿ, ಪ್ರೇಮಿಯಾದವರು ದಿಲೀಪ್ ಕುಮಾರ್. ಇತ್ತ ಯೆಹೂದ್ಯ ಡೇವಿಡ್ ಕ್ರೈಸ್ತ ಚಾಚಾ ಆದರು. ಯೆಹೂದ್ಯಳಾದ ನಾದಿರಾ ೧೯೭೫ರ ‘ಜೂಲಿ’ಯಲ್ಲಿ ಆಂಗ್ಲೋ-ಇಂಡಿಯನ್ ತಾಯಿಯಾದಳು. ಅವರ ವೇಷವನ್ನು ಇವರು ಹಾಕಿದರು, ಇವರ ವೇಷವನ್ನು ಅವರು ಹಾಕಿದರು. ಯಾರ ಅಂಗಿ ಯಾರಿಗೂ ಬಿಗಿಯಾಗಲಿಲ್ಲ.

ಮೂರನೆಯ ಭಾನುವಾರ ಚಾಪ್ಲಿನ್ನನ ‘ದಿ ಗ್ರೇಟ್ ಡಿಕ್ಟೇಟರ್’. ೧೯೪೦ರಲ್ಲಿ, ಹಿಟ್ಲರನು ಇನ್ನೂ ಗೆಲ್ಲುತ್ತಿದ್ದ ಕಾಲದಲ್ಲಿ, ಅವನನ್ನು ಕೋಡಂಗಿ ಮಾಡಿ ನಗಿಸಿದ ಚಿತ್ರ. ಚಾಪ್ಲಿನ್ ಯೆಹೂದ್ಯನಲ್ಲ, ಆದರೂ ಯೆಹೂದ್ಯ ಕ್ಷೌರಿಕ, ಸರ್ವಾಧಿಕಾರಿ ಎರಡೂ ಅವನೇ. ಭೂಗೋಳದ ಬುಗ್ಗೆಯನ್ನು ಕಾಲಿನಿಂದ ಚಿಮ್ಮಿ ಆಡುವ ಸರ್ವಾಧಿಕಾರಿಯನ್ನು ನೋಡಿ ಚಿಕ್ಕ ಮಕ್ಕಳೂ ನಕ್ಕರು. ಯಾತನಾ ಶಿಬಿರಗಳಲ್ಲಿ ನಡೆದದ್ದು ಆಗಲೇ ತಿಳಿದಿದ್ದರೆ ಈ ಚಿತ್ರವನ್ನು ಮಾಡಲು ತನ್ನಿಂದ ಆಗುತ್ತಿರಲಿಲ್ಲ ಎಂದು ಚಾಪ್ಲಿನ್ ೧೯೬೪ರ ಆತ್ಮಕಥೆಯಲ್ಲಿ ಬರೆದುಕೊಂಡ. ಸುಮಾರು ಅರುವತ್ತು ಲಕ್ಷ ಯೆಹೂದ್ಯರನ್ನು ನಾಜಿಗಳು ಕೊಂದರು. ಆ ಭೀಕರವನ್ನು ನೇರವಾಗಿ ತೋರಿಸುವ ದೊಡ್ಡ ಚಿತ್ರಗಳು ಉಂಟು. ಮಕ್ಕಳು ಕೂಡಿದ ಮಹಡಿಯ ಮೇಲೆ ನಾನು ಅವನ್ನು ಹಾಕಲಿಲ್ಲ. ಮತ್ತೂ ಒಂದು ಕಾರಣ: ಒಂದು ಜನಾಂಗದ ಬಾಳನ್ನು ತಿಳಿಯುವುದಕ್ಕೆ ಮೊದಲು ಅವರ ಸಾವನ್ನೇ ನೋಡಿಬಿಟ್ಟರೆ, ಸತ್ತವರು ನಮಗೆ ಲೆಕ್ಕವಾಗುತ್ತಾರೆ, ಪರಿಚಿತರಾಗುವುದಿಲ್ಲ.

ಈ ಚಿತ್ರದಲ್ಲಿ ‘ಘೆಟ್ಟೋ’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಊರಿನವರು ಯೆಹೂದ್ಯರನ್ನು ಬೇರೆಯಾಗಿ ಕೂಡಿಹಾಕಿದ ಬೀದಿ ಎಂದು ವಿವರಿಸಲು ಹೊರಟೆ. ಹಿಂದೆ ಕುಳಿತಿದ್ದ ಒಬ್ಬ ಹುಡುಗ, ಪೀಣ್ಯದಲ್ಲಿ ಲೇತ್ ನಡೆಸುವವನು, “ಅಂದರೆ ಕೇರಿ ತಾನೆ ಸಾರ್?” ಎಂದ. ಒಂದು ಗಳಿಗೆ ಯಾರೂ ಮಾತನಾಡಲಿಲ್ಲ. ಅವನು ಹೇಳಿದ್ದು ಸರಿಯಾಗಿತ್ತು. ನಾನು ಹುಡುಕುತ್ತಿದ್ದ ಕನ್ನಡ ಮಾತು ಅದೇ. ಬೇರೆ ದೇಶದ ಅನ್ಯಾಯಕ್ಕೆ ಮರುಗುವುದು ಸುಲಭ. ಅದಕ್ಕೆ ನಮ್ಮ ಊರಿನ ಮಾತು ಒಪ್ಪುತ್ತದೆ ಎಂದು ಕಂಡಾಗ ಮರುಕದ ಜೊತೆಗೆ ನಾಚಿಕೆಯೂ ಬರುತ್ತದೆ. ಬರಬೇಕು.

ನಾಲ್ಕನೆಯ ಭಾನುವಾರ ‘ಫಿಡ್ಲರ್ ಆನ್ ದಿ ರೂಫ್’, ಸೂರಿನ ಮೇಲಿನ ಪಿಟೀಲುಗಾರ ಎಂದು ಹೇಳಬಹುದು. ಷೋಲೆಮ್ ಅಲೈಖೆಮ್ ಎಂಬ ಲೇಖಕರು ಯೆಹೂದ್ಯರ ಯಿಡ್ಡಿಷ್ ಭಾಷೆಯಲ್ಲಿ ಬರೆದ ಕಥೆಗಳಿಂದ ೧೯೬೪ರಲ್ಲಿ ಸಂಗೀತನಾಟಕ ಹುಟ್ಟಿತು, ೧೯೭೧ರಲ್ಲಿ ಚಿತ್ರವಾಯಿತು. ಮೂರು ಗಂಟೆಯ ಚಿತ್ರ. ಒಂದು ಮಾತೂ ಕನ್ನಡವಲ್ಲ. ಜನ ಎದ್ದುಹೋದಾರೆಂದು ನನಗೆ ಅಳುಕಿತ್ತು. ಯಾರೂ ಏಳಲಿಲ್ಲ.

ಏಳುವುದಾದರೂ ಹೇಗೆ? ರಷ್ಯದ ಒಂದು ಹಳ್ಳಿ. ತೇವ್ಯೆ ಎಂಬ ಹಾಲಿನವನು, ಐವರು ಹೆಣ್ಣುಮಕ್ಕಳು, ಕೊಡಲು ವರದಕ್ಷಿಣೆ ಇಲ್ಲ. ಮನೆಯಿಂದ ಮನೆಗೆ ಸಂಬಂಧ ಹೊತ್ತು ತಿರುಗುವ ಮುದುಕಿ. ಎಳೆಯ ಹುಡುಗಿಗೆ ವಯಸ್ಸಾದ ಕಟುಕನ ಸಂಬಂಧ, ಅನುಕೂಲಸ್ಥನೆಂಬ ಒಂದೇ ಕಾರಣಕ್ಕೆ. ಕುದುರೆಗೆ ಕಾಲು ಕುಂಟಾದಾಗ ತೇವ್ಯೆ ಹಾಲಿನ ಗಾಡಿಯನ್ನು ತಾನೇ ಎಳೆಯುತ್ತಾನೆ. ಎಳೆಯುತ್ತ ದೇವರೊಡನೆ ಜಗಳ ಆಡುತ್ತಾನೆ. ನನ್ನನ್ನು ಒಂದಿಷ್ಟು ಸಿರಿವಂತನನ್ನಾಗಿ ಮಾಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂಬ ಧಾಟಿ. ನಮ್ಮ ಎದುರು ಮನೆಯ ಅಜ್ಜಿ, “ಇವನು ನಮ್ಮ ದಾಸರ ಹಾಗೆಯೇ ಕಣಪ್ಪ, ದೇವರನ್ನು ಬೈಯುವ ಸಲಿಗೆ ಇದೆ” ಎಂದರು. ದಾಸರಹಳ್ಳಿಯಲ್ಲಿ ಕುಳಿತು ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ನಿರೀಕ್ಷಿಸಿರಲಿಲ್ಲ.

ಹಿರಿಯ ಮಗಳು ಬಡ ದರ್ಜಿಯನ್ನು ಮೆಚ್ಚುತ್ತಾಳೆ. ತೇವ್ಯೆ ಗೊಣಗಿ ಒಪ್ಪುತ್ತಾನೆ. ಎರಡನೆಯವಳು ಕ್ರಾಂತಿಯ ಮಾತಾಡುವ ವಿದ್ಯಾರ್ಥಿಯ ಹಿಂದೆ ಸೈಬೀರಿಯಕ್ಕೆ ಹೊರಡುತ್ತಾಳೆ, ಅದಕ್ಕೂ ಒಪ್ಪುತ್ತಾನೆ. ಮೂರನೆಯವಳು ಅನ್ಯಧರ್ಮದ ಹುಡುಗನನ್ನು ಮದುವೆಯಾದಾಗ ಬಾಗುವ ಬೆತ್ತ ಮುರಿಯುವ ಮಟ್ಟಕ್ಕೆ ಬರುತ್ತದೆ. ಅವಳು ತನ್ನ ಪಾಲಿಗೆ ಸತ್ತಳೆಂದುಬಿಡುತ್ತಾನೆ. ನಮ್ಮ ಮಹಡಿಯ ಮೇಲೆ ಆಗ ಎರಡು ಪಕ್ಷ ಆಯಿತು. ಅಪ್ಪಂದಿರು ತೇವ್ಯೆಯ ಕಡೆ, ಹುಡುಗಿಯರು ಮಗಳ ಕಡೆ, ಅಮ್ಮಂದಿರು ಯಾವ ಕಡೆಯೂ ಇಲ್ಲದೆ ಅಳುವ ಕಡೆ.

ಕೊನೆಗೆ ರಾಜಾಜ್ಞೆ ಬರುತ್ತದೆ: ಮೂರು ದಿನದಲ್ಲಿ ಯೆಹೂದ್ಯರೆಲ್ಲ ಊರು ಬಿಡಬೇಕು. ಗಂಟುಮೂಟೆ ಕಟ್ಟುವ ನಡುವೆ ತೇವ್ಯೆಯ ಹೆಂಡತಿ ನೆಲ ಗುಡಿಸುತ್ತಾಳೆ. ಬಿಟ್ಟುಹೋಗುವ ಮನೆಯನ್ನು ಏಕೆ ಗುಡಿಸುತ್ತೀ ಎಂದರೆ, ಮನೆಯನ್ನು ಕೊಳೆಯಾಗಿ ಬಿಟ್ಟುಹೋಗಲು ಮನಸ್ಸು ಬಾರದು ಎನ್ನುತ್ತಾಳೆ.

ಆ ದೃಶ್ಯದಲ್ಲಿ ನಮ್ಮ ಬೀದಿಯ ಸಾಗರದ ಕಡೆಯ ತಾಯಿಯೊಬ್ಬರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಚಿತ್ರ ಮುಗಿದು ದೀಪ ಹಾಕಿದ ಮೇಲೆ ಹೇಳಿದರು: ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು ಕಟ್ಟಿದಾಗ, ೧೯೬೪ರ ಸುಮಾರಿನಲ್ಲಿ, ಇವರ ಊರೂ ಮುಳುಗಿತು. ಆಗ ಇವರು ಚಿಕ್ಕ ಹುಡುಗಿ. ಗಾಡಿಗೆ ಸಾಮಾನು ಹೇರಿ ಎಲ್ಲರೂ ಕೂಗುತ್ತಿರುವಾಗ ಇವರ ತಾಯಿ ಹಿಂದಕ್ಕೆ ಹೋಗಿ, ಅಡಿಗೆಮನೆಯನ್ನು ಸಗಣಿ ಹಾಕಿ ಸಾರಿಸಿ, ಹೊಸ್ತಿಲಿಗೆ ರಂಗೋಲಿ ಎಳೆದು ಬಂದರಂತೆ. ನೀರಿಗೆ ಕೊಡುವ ಮನೆಗೆ ರಂಗೋಲಿ ಏಕೆ ಎಂದು ಯಾರೂ ಕೇಳಲಿಲ್ಲವಂತೆ. “ಈ ಹೆಂಗಸು ನಮ್ಮ ಅವ್ವನ ಹಾಗೇ” ಎಂದು ಮಾತು ನಿಲ್ಲಿಸಿದರು. ಹನ್ನೆರಡು ವರ್ಷದಿಂದ ಒಂದೇ ಬೀದಿಯಲ್ಲಿದ್ದೇವೆ. ಆ ತಾಯಿಯ ಊರು ಮುಳುಗಿದ್ದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ರಷ್ಯದ ಯೆಹೂದ್ಯ ಹೆಂಗಸೊಬ್ಬಳು ಬಂದು ತಿಳಿಸಬೇಕಾಯಿತು.

ಐದನೆಯ ಭಾನುವಾರ ಒಂದು ಸಾಕ್ಷ್ಯಚಿತ್ರ, ಆಸ್ಟ್ರೇಲಿಯದ ಡ್ಯಾನಿ ಬೆನ್-ಮೋಷೆ ೨೦೧೭ರಲ್ಲಿ ಮಾಡಿದ ‘ಶಾಲೋಮ್ ಬಾಲಿವುಡ್’. ಸುಲೋಚನಾ, ಪ್ರಮೀಳಾ, ನಾದಿರಾ, ಡೇವಿಡ್ ಇವರ ಕಥೆಯೇ. ಮೊದಲ ವಾರ ಕೇವಲ ಹೆಸರಾಗಿದ್ದವರು ಇಲ್ಲಿ ಮನೆಮಂದಿಯಾಗಿ ಬಂದರು. ನೋಡುತ್ತ ನನಗೆ ಒಂದು ಯೋಚನೆ ಬಂತು. ೧೯೩೧ರ ‘ಆಲಂ ಆರಾ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ೧೯೩೪ರಲ್ಲಿ ಬಂದ ನಮ್ಮ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೂ ಅದೇ ಗತಿ. ಮೂಕಚಿತ್ರಗಳಂತೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಷ್ಟವಾದವು. ಕೆಲವು ಸುಟ್ಟವು, ಕೆಲವನ್ನು ಬೆಳ್ಳಿಯ ಆಸೆಗೆ ಕರಗಿಸಿದರು. ಹಿಡಿಯಷ್ಟಿರುವ ಜನಾಂಗಕ್ಕೂ ಹಳೆಯ ಫಿಲಂ ಸುರುಳಿಗೂ ಒಂದೇ ಅಪಾಯ: ಕೇಳುವವರಿಲ್ಲದಿದ್ದರೆ ಸದ್ದಿಲ್ಲದೆ ಮಾಯವಾಗುವುದು.

ಹಿರಿಯರು ಅಂದು ಎತ್ತಿದ ನಂಟಿನ ಪ್ರಶ್ನೆಗೆ ಉಳಿದ ಉತ್ತರವನ್ನೂ ಹೇಳಿಬಿಡುತ್ತೇನೆ. ದಾಸರಹಳ್ಳಿಯಿಂದ ಪೇಟೆಗೆ ಹೊರಟರೆ ಯಶವಂತಪುರ ದಾಟುವಾಗ ಎಡಗಡೆಯಲ್ಲಿ ಮರಗಳ ನಡುವೆ ನಮ್ಮ ವಿಜ್ಞಾನ ಮಂದಿರ, ಹಿರಿಯರ ಬಾಯಲ್ಲಿ ಟಾಟಾ ಇನ್ಸ್ಟಿಟ್ಯೂಟ್. ಹಿಟ್ಲರನ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡ ಮ್ಯಾಕ್ಸ್ ಬಾರ್ನ್ ಎಂಬ ಯೆಹೂದ್ಯ ಭೌತವಿಜ್ಞಾನಿ, ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ ೧೯೩೫ರಲ್ಲಿ ಇಲ್ಲಿಗೆ ಬಂದು ಕೆಲವು ತಿಂಗಳು ಪಾಠ ಹೇಳಿದರು. ಕಾಯಂ ಹುದ್ದೆಯ ಮಾತು ಕೈಗೂಡಲಿಲ್ಲ, ಎಡಿನ್‌ಬರೋಗೆ ಹೋದರು. ೧೯೫೪ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಅವರ ಬಂಧು ಆಟೋ ಕೋನಿಗ್ಸ್‌ಬರ್ಗರ್ ಬರ್ಲಿನ್ನಿನ ವಾಸ್ತುಶಿಲ್ಪಿ. ಇವರೂ ದೇಶ ಬಿಟ್ಟು ಬಂದು, ೧೯೩೯ರಿಂದ ೧೯೪೮ರವರೆಗೆ ಮೈಸೂರು ಸರಕಾರದ ವಾಸ್ತುಶಿಲ್ಪಿಯಾಗಿದ್ದರು. ವಿಜ್ಞಾನ ಮಂದಿರದ ವಿಮಾನ ಇಂಜಿನಿಯರಿಂಗ್ ವಿಭಾಗ, ಅಲ್ಲಿನ ಊಟದ ಮನೆ ಇವರು ಕಟ್ಟಿಸಿದವು. ನಮ್ಮ ಬಿಸಿಲು, ನಮ್ಮ ಗಾಳಿ, ನಮ್ಮ ಮಳೆ ನೋಡಿಕೊಂಡು ಮನೆ ಕಟ್ಟುವುದು ಹೇಗೆ ಎಂದು ಇಲ್ಲಿ ಕಲಿತು, ಮುಂದೆ ಲಂಡನ್ನಿನಲ್ಲಿ ಅದನ್ನೇ ಲೋಕಕ್ಕೆ ಪಾಠ ಹೇಳಿದರು. ಭುವನೇಶ್ವರದ ಹೊಸ ಪಟ್ಟಣದ ನಕ್ಷೆಯೂ ಇವರದೇ. ನಮ್ಮ ಬೀದಿಯ ಒಡಿಶಾದ ಹುಡುಗರಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿತು.

ಮೈಸೂರು ರಸ್ತೆಯಲ್ಲಿ ಯೆಹೂದ್ಯರದೊಂದು ಸಣ್ಣ ರುದ್ರಭೂಮಿ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೦೪ರಲ್ಲಿ, ದೊರೆತ ಜಾಗ. ಪಕ್ಕದಲ್ಲಿ ಬಸ್ಸುಗಳ ಭೋರ್ಗರೆತ. ಒಳಗೆ ಹ್ರೂಬ್ರೂ ಅಕ್ಷರದ ಕಲ್ಲುಗಳು.

ಇನ್ನೂ ಹಿಂದಕ್ಕೆ ಹೋಗಬೇಕಾದರೆ ಮಂಗಳೂರಿಗೆ ಹೋಗಬೇಕು. ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಸಿಯದ ಯೆಹೂದ್ಯ ವರ್ತಕ ಸುಮಾರು ೧೧೩೨ರಿಂದ ೧೧೪೯ರವರೆಗೆ ಮಂಗಳೂರಿನಲ್ಲಿದ್ದ. ಮೆಣಸು, ಅಡಿಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳಿಸುತ್ತಿದ್ದ. ಕಂಚು ಹಿತ್ತಾಳೆಯ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಅಶು ಎಂಬ ಇಲ್ಲಿನ ಹೆಣ್ಣನ್ನು ಕೈಹಿಡಿದ. ಬೊಮ್ಮ ಎಂಬ ತುಳುನಾಡಿನವನು ಅವನ ಪರವಾಗಿ ಸರಕು ತೆಗೆದುಕೊಂಡು ಏಡನ್ನಿಗೆ ಹೋಗಿಬರುತ್ತಿದ್ದ. ಇದೆಲ್ಲ ನಮಗೆ ತಿಳಿದದ್ದು ಕೈರೋ ನಗರದ ಹಳೆಯ ಪ್ರಾರ್ಥನಾ ಮಂದಿರವೊಂದರಲ್ಲಿ ಎಸೆಯದೆ ತುಂಬಿಟ್ಟಿದ್ದ ಕಾಗದದ ಚೂರುಗಳಿಂದ. ದೇವರ ಹೆಸರಿರಬಹುದಾದ ಕಾಗದವನ್ನು ಹರಿದೆಸೆಯಬಾರದೆಂಬುದು ಅವರ ನಂಬಿಕೆ. ಆ ನಂಬಿಕೆಯಿಂದ ನಮ್ಮ ಬೊಮ್ಮನೂ ಉಳಿದುಕೊಂಡ. ಅಮಿತಾವ್ ಘೋಷ್ ಅವರು ೧೯೯೨ರಲ್ಲಿ ಪ್ರಕಟಿಸಿದ ಒಂದು ಪುಸ್ತಕದಲ್ಲಿ ಅವನ ಜಾಡನ್ನು ಹಿಡಿದಿದ್ದಾರೆ. ಯಾರಾದರೂ ಇದನ್ನು ಕನ್ನಡದಲ್ಲಿ, ತುಳುವಿನಲ್ಲಿ ಚಿತ್ರ ಮಾಡಿದರೆ, ನಮ್ಮ ಪಂಚೆ ಸಿದ್ಧವಾಗಿದೆ.

ಹಬ್ಬ ಮುಗಿಯಿತು, ಪಂಚೆಯನ್ನು ಬಿಚ್ಚಿ ಒಗೆಯಲು ಹಾಕಿದೆವು. ಮರುದಿನ ಬೆಳಗ್ಗೆ ನಾನು ಹಾಲಿಗೆ ಹೋಗುವಾಗ ಪಕ್ಕದ ಮನೆಯ ಕಿಟಕಿಯಿಂದ ರೇಡಿಯೋ ಕೇಳಿಸಿತು; ಅದೇ ಪಿಟೀಲು. ಹಿರಿಯರು ಜಗಲಿಯ ಮೇಲೆ ನಿಂತಿದ್ದರು. “ಮೇಷ್ಟ್ರೇ, ಇದನ್ನು ಮಾಡಿದವರು ಮತ್ತೆ ಈ ದೇಶಕ್ಕೆ ಬಂದರೇ?” ಎಂದು ಕೇಳಿದರು. ಅವರು ಬಂದರೋ ಇಲ್ಲವೋ, ರಾಗವಂತೂ ದಿನವೂ ಬರುತ್ತಿದೆಯಲ್ಲ ಎಂದೆ. ಅವರು ಸುಮ್ಮನಾಗಿ ಅದು ಮುಗಿಯುವವರೆಗೆ ಕೇಳಿದರು.

ಆಮೇಲೆ ಸಾಗರದ ಆ ತಾಯಿಯ ಮನೆ ಯಾವುದೆಂದು ವಿಚಾರಿಸಿ, ಅತ್ತ ಹೊರಟರು. ಅವರ ಮುಳುಗಿದ ಊರಿನ ಹೆಸರು ಕೇಳಿ ಬರೆದಿಟ್ಟುಕೊಳ್ಳಬೇಕಂತೆ.